ಕಿಟಕಿಯ ಪಕ್ಕದ ತಟ್ಟೆ

ಹೊರಡುವ ಮುಂಚೆ

ಕಲ್ಲಿದ್ದಲು ತೆಗೆಯುವ ಬೆಟ್ಟದ ಊರಿಗೆ ನಾನು ಹೋದದ್ದು ಒಂದು ಮಗುವನ್ನು ಎತ್ತಿಕೊಳ್ಳುವುದಕ್ಕೆ. ಹಾಸನದ ಬಂಗಲೆಯೊಂದರಲ್ಲಿದ್ದ ಇಂಗ್ಲಿಷ್ ಇಂಜಿನಿಯರ ಮನೆಯಲ್ಲಿ ನಾನು ಆಯಾ ಆಗಿದ್ದೆ. ಅಮ್ಮಾವ್ರು ಬಹಳ ವರ್ಷದ ಮೇಲೆ ತವರಿಗೆ ಹೊರಟರು. ಬೇಬಿ ನನ್ನನ್ನು ಬಿಟ್ಟು ಯಾರ ಕೈಲೂ ಅನ್ನ ತಿನ್ನುತ್ತಿರಲಿಲ್ಲ. ಹಾಗಾಗಿ ನನ್ನನ್ನೂ ಹಡಗು ಹತ್ತಿಸಿದರು. ಎರಡನೇ ದೊಡ್ಡ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ನಾನು ಓದಿದ್ದು ಹಳ್ಳಿಮೈಸೂರಿನ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಮಾತ್ರ. ಯಾವ ಊರಿನಲ್ಲಿ ಯಾವ ರಾಜ ಆಳಿದ, ಯಾವ ಕಟ್ಟಡ ಯಾರು ಕಟ್ಟಿಸಿದರು ಎಂದು ಬರೆಯಲು ನನಗೆ ಬಾರದು. ಕಂಡದ್ದನ್ನು ಬರೆಯುತ್ತೇನೆ. ಮಾಡಿದ್ದನ್ನೂ ಬರೆಯುತ್ತೇನೆ.

ಗಂಡ ತೀರಿಕೊಂಡ ಮೇಲೆ ನಾನು ತಮ್ಮ ಬೋರನ ಮನೆಗೆ ಬಂದಿದ್ದೆ. ಅವನನ್ನು ಸಾಕಿದವಳು ನಾನೇ. ನಮ್ಮವ್ವ ಸತ್ತಾಗ ಅವನಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅವನು ದೊಡ್ಡವನಾಗಿ ಹೊಳೆನರಸೀಪುರದ ಕಡೆಯ ಒಂದು ಕಲ್ನಾರಿನ ಗುಂಡಿಯಲ್ಲಿ ಕೆಲಸಕ್ಕೆ ಸೇರಿದ. ಕಲ್ನಾರು ಎಂದರೆ ಬೆಂಕಿಗೆ ಸುಡದ, ಸೆಣಬಿನಂತೆ ಎಳೆ ಎಳೆಯಾಗಿ ಬಿಡುವ ಕಲ್ಲು. ತಗಡಿನ ಷೆಡ್ಡಿನೊಳಗೆ ಕೂತು ಅದನ್ನು ಬಡಿಯುವುದು ಅವನ ಕೆಲಸ. ಸಂಜೆ ಬಂದರೆ ರೆಪ್ಪೆಯ ಮೇಲೂ ಹಿಟ್ಟು ಉದುರಿಸಿದ ಹಾಗಿರುತ್ತಿತ್ತು. ಕೆಲವು ವರ್ಷ ಹೀಗೆ ಕಳೆದ ಮೇಲೆ ಕೆಮ್ಮು ಹಿಡಿಯಿತು. ಬಾವಿಯಿಂದ ಒಂದು ಕೊಡ ನೀರು ತಂದರೆ ಮೂರು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ.

ನಾನು ಅದನ್ನು ಕ್ಷಯ ಎಂದು ತೀರ್ಮಾನ ಮಾಡಿದೆ. ಡಾಕ್ಟರನ್ನು ಕೇಳಲಿಲ್ಲ. ನಮ್ಮ ಕಡೆ ಅಂಥ ಕೆಮ್ಮು ಬಂದವರ ತಟ್ಟೆ, ಚೊಂಬು, ಚಾಪೆ ಬೇರೆ ಮಾಡುವುದು ರೂಢಿ. ಬಂಗಲೆಯಿಂದ ಊರಿಗೆ ಬಂದಾಗಲೆಲ್ಲ ಅಡುಗೆಮನೆ ನನ್ನ ಕೈಯಲ್ಲೇ ಇರುತ್ತಿತ್ತು. ಅವನಿಗೆ ಎರಡು ಸಣ್ಣ ಮಕ್ಕಳಿದ್ದವು. ಒಂದು ದಿನ ಬೆಳಿಗ್ಗೆ ಅವನ ತಟ್ಟೆಯನ್ನು ಹೊರಗಿನ ಜಗಲಿಯ ಮೇಲೆ ಇಟ್ಟೆ. ಅವನ ಹೆಂಡತಿ ದೇವೀರಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಬೋರ ಮಾತ್ರ ತಟ್ಟೆ ನೋಡಿ, ನನ್ನ ಮುಖ ನೋಡಿ, "ಆಗ್ಲಿ ಬುಡಕ್ಕ, ನೀ ಏಳಿದ್ ಮ್ಯಾಕೆ ಸರಿಯಾಗೇ ಇರ್ತದೆ" ಎಂದು ಅಲ್ಲೇ ಕೂತ.

ನಾನು ಹೊರಟ ದಿನ ಅವನು ಗಾಡಿಯ ಹತ್ತಿರ ಬರಲಿಲ್ಲ. ಬೇಲಿಯ ಆಚೆ ನಿಂತು, "ನೀರ್ ಮ್ಯಾಲೆ ಓಗ್ತಿದ್ದೀಯ, ಉಸಾರು ಕಣಕ್ಕ" ಎಂದ. ನಾನು ಬರುವವರೆಗೆ ಅವನು ಇರುತ್ತಾನೋ ಇಲ್ಲವೋ ಎಂಬುದು ನನ್ನ ಮನಸ್ಸಿನಲ್ಲಿತ್ತು. ಹತ್ತಿರ ಹೋಗಿ ಕೈ ಹಿಡಿಯಲಿಲ್ಲ.

ಹಡಗು, ಲಂಡನ್ನು

ಹಡಗಿನಲ್ಲಿ ಮೊದಲ ಕೆಲವು ದಿನ ನಾನು ಮಗುವನ್ನು ನೋಡಿಕೊಂಡೆನೋ ಮಗು ನನ್ನನ್ನು ನೋಡಿಕೊಂಡಿತೋ ಹೇಳಲಾರೆ. ವಾಂತಿ ಮಾಡಿಕೊಂಡು ಬಿದ್ದಿದ್ದ ನನ್ನ ತಲೆಯ ಮೇಲೆ ಬೇಬಿ ತನ್ನ ಗೊಂಬೆಯ ಟೋಪಿ ಇಟ್ಟು ಹಾಡು ಹೇಳುತ್ತಿತ್ತು. ಹೇಮಾವತಿ ತುಂಬಿ ಬಂದಾಗ ಹರಿಗೋಲಿನಲ್ಲಿ ದಾಟಿದವಳು ನಾನು, ನೀರಿಗೆ ಹೆದರುವುದಿಲ್ಲ ಎಂದು ಅಮ್ಮಾವ್ರ ಹತ್ತಿರ ಜಂಬ ಕೊಚ್ಚಿದ್ದೆ. ಆ ಜಂಬ ಬೊಂಬಾಯಿ ಕಣ್ಮರೆಯಾಗುವುದಕ್ಕೆ ಮುಂಚೆಯೇ ಇಳಿಯಿತು.

ಲಂಡನ್ನಿನಲ್ಲಿ ನೆಲದಡಿಯ ರೈಲಿಗೆ ಇಳಿಯಲು ತಾನಾಗಿ ಓಡುವ ಮೆಟ್ಟಿಲುಗಳಿವೆ. ಅಮ್ಮಾವ್ರು ಮುಂದೆ ಇಳಿದುಹೋದರು. ನಾನು ಮಗುವನ್ನು ಎತ್ತಿಕೊಂಡು ಕಾಲಿಟ್ಟೆ, ಮೆಟ್ಟಿಲು ಎಳೆದುಕೊಂಡಿತು, ನಾನು ಕೂತುಬಿಟ್ಟೆ. ಸೀರೆ ಸುತ್ತಿಕೊಂಡು ಮಡಿಲಲ್ಲಿ ಮಗು ಇಟ್ಟುಕೊಂಡು, ಮನೆಯ ಹೊಸ್ತಿಲ ಮೇಲೆ ಕೂತ ಹಾಗೆ ಕೂತು ಕೆಳಗೆ ಬಂದೆ. ಎದುರು ಮೆಟ್ಟಿಲಲ್ಲಿ ಮೇಲೆ ಹೋಗುತ್ತಿದ್ದ ಜನ ಯಾರೂ ನಗಲಿಲ್ಲ. ಟೋಪಿಯ ಕೆಳಗಿನಿಂದ ನೋಡಿ ಬೇರೆ ಕಡೆ ತಿರುಗಿದರು. ಚನ್ನರಾಯಪಟ್ಟಣದ ಸಂತೆಯಲ್ಲಿ ಹೀಗಾಗಿದ್ದರೆ ವರ್ಷಗಟ್ಟಲೆ ಆಡಿಕೊಂಡು ನಗುತ್ತಿದ್ದರು. ಆದರೆ ಹತ್ತು ಜನ ಕೈಹಿಡಿದು ಎಬ್ಬಿಸುತ್ತಲೂ ಇದ್ದರು.

ಕಣಿವೆ

ಅಮ್ಮಾವ್ರ ತವರು ವೇಲ್ಸ್ ಎಂಬ ಸೀಮೆ. ಇಂಗ್ಲಿಷರ ದೇಶಕ್ಕೆ ಹೋಗಿ ಇಂಗ್ಲಿಷ್ ಬಾರದ ಮುದುಕಿಯರನ್ನು ಕಂಡು ನನಗೆ ಆಶ್ಚರ್ಯವಾಯಿತು. ಅವರಿಗೆ ಅವರದೇ ಮಾತಿದೆ. ಅವರೂ ನನ್ನ ಹಾಗೆ, ಇಂಗ್ಲಿಷಿನ ಒಂದೊಂದು ಮಾತನ್ನೂ ಹುಡುಕಿ ತಂದು ಜೋಡಿಸುತ್ತಿದ್ದರು. ಹಾಗಾಗಿ ಅವರ ಇಂಗ್ಲಿಷ್ ನನಗೆ ಅಮ್ಮಾವ್ರ ಇಂಗ್ಲಿಷಿಗಿಂತ ಚೆನ್ನಾಗಿ ಅರ್ಥವಾಗುತ್ತಿತ್ತು. ನನ್ನ ಕಿವಿಗೆ ಅದು ನಮ್ಮೂರ ಮಾತಿನ ಹಾಗೆಯೇ ಬೀಳುತ್ತಿದ್ದುದರಿಂದ ಇಲ್ಲಿ ಹಾಗೆಯೇ ಬರೆಯುತ್ತೇನೆ.

ಬೆಟ್ಟಗಳ ನಡುವೆ ಕಿರಿದಾದ ಕಣಿವೆ. ಸಾಲು ಮನೆಗಳು, ಒಂದಕ್ಕೊಂದು ಅಂಟಿಕೊಂಡು, ಬಸ್ಸಿಗೆ ಕಾದು ನಿಂತವರಂತೆ. ಮನೆಗಳ ಹಿಂದೆ ಒಂದು ಕಪ್ಪು ಬೆಟ್ಟ. ಅದು ದೇವರು ಮಾಡಿದ್ದಲ್ಲ. ಗಣಿಯಿಂದ ಬಂದ ಬೇಡದ ಕಲ್ಲು ಮಣ್ಣನ್ನು ತೊಟ್ಟಿಗಳು ತಂತಿಯ ಮೇಲೆ ತೂಗಾಡುತ್ತ ಹೊತ್ತು ತಂದು ಅಲ್ಲಿ ಸುರಿಯುತ್ತಿದ್ದವು. ಆ ತೊಟ್ಟಿಗಳು ಮನೆಗಳ ನೆತ್ತಿಯ ಮೇಲೇ ಹೋಗುತ್ತಿದ್ದವು. ಮಳೆ ಬಂದರೆ ಆ ಬೆಟ್ಟ ಕರಗಿ ಹಿತ್ತಲಿಗೆ ಬರುತ್ತಿತ್ತು. ಹೊಳೆಯ ನೀರು ಬಾಣಲೆ ತೊಳೆದ ನೀರಿನ ಬಣ್ಣ. ಅದರಲ್ಲಿ ಮೀನಿಲ್ಲ, ದಡದಲ್ಲಿ ಬಟ್ಟೆ ಒಗೆಯುವವರಿಲ್ಲ. ಹೆಂಗಸರು ಹಿತ್ತಲಲ್ಲಿ ಬಿಳಿ ಬಟ್ಟೆ ಹರವಿ, ಗಾಳಿ ತಿರುಗಿತೆಂದರೆ ಒಬ್ಬರಿಗೊಬ್ಬರು ಕೂಗಿ ಹೇಳಿ ಒಳಗೆ ಎಳೆದುಕೊಳ್ಳುತ್ತಿದ್ದರು. ನಮ್ಮಲ್ಲಿ ಮೋಡ ಕಂಡರೆ ಕಣದ ರಾಗಿ ಮುಚ್ಚಲು ಓಡುವ ಹಾಗೆ.

ಒಂದು ವಿಷಯ ಕಂಡು ಮಾತ್ರ ನನ್ನ ಜೀವ ತಣ್ಣಗಾಯಿತು. ಅಲ್ಲಿಯ ಗಂಡಸರು ಕೆಲಸ ಮುಗಿಸಿ ಬಂದು, ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂರುತ್ತಿದ್ದರು. ನೆಲದಡಿ ತಗ್ಗು ಜಾಗದಲ್ಲಿ ಕೂತು ಕೂತು ಅದೇ ಅಭ್ಯಾಸವಂತೆ. ಲಂಡನ್ನಿನಲ್ಲಿ ನಿಂತೇ ಇರುವ ಗಂಡಸರನ್ನು ನೋಡಿ ಸಾಕಾಗಿದ್ದ ನನಗೆ, ಅರಕಲಗೂಡಿನ ಬಸ್ಸಿಗೆ ಕಾಯುತ್ತ ಕೂತ ನಮ್ಮವರನ್ನೇ ಕಂಡ ಹಾಗಾಯಿತು.

ಅಮ್ಮಾವ್ರ ತಂದೆ ಆ ಊರಿಗೆ ಡಾಕ್ಟರು. ಅವರ ಮನೆ ಆಗ ತುಂಬಿತ್ತು. ಲಂಡನ್ನಿನಿಂದ ಒಬ್ಬ ಯುವಕ ತನ್ನ ಜೊತೆಗಾರರೊಂದಿಗೆ ಸಿನಿಮಾ ತೆಗೆಯಲು ಬಂದು ಇಳಿದುಕೊಂಡಿದ್ದ. ರಾಜ ರಾಣಿಯರ ಸಿನಿಮಾ ಅಲ್ಲ. ಕಲ್ಲಿದ್ದಲು ಈ ಬೆಟ್ಟದ ಜನಕ್ಕೆ ಏನು ಮಾಡುತ್ತಿದೆ ಎಂದು ಪಟ್ಟಣದವರಿಗೆ ತೋರಿಸುವ ಸಿನಿಮಾ. ಇದ್ದದ್ದನ್ನು ಇದ್ದ ಹಾಗೆ ತೆಗೆಯುತ್ತೇನೆ, ಯಾರೂ ನನಗಾಗಿ ಏನನ್ನೂ ಬದಲಾಯಿಸಬೇಡಿ ಎಂದು ಅವನು ಮನೆಮನೆಗೂ ಹೇಳಿಬಂದಿದ್ದ. ಮನಸ್ಸು ಒಳ್ಳೆಯದು. ನಾನು ಅವನನ್ನು ಕ್ಯಾಮೆರಾ ದೊರೆ ಎಂದು ಕರೆಯುತ್ತಿದ್ದೆ. ಅವರೆಲ್ಲ ಮನೆಯಲ್ಲಿದ್ದುದರಿಂದ ನನಗೂ ಬೇಬಿಗೂ ಪಕ್ಕದ ಸಾಲಿನ ಮೇರ್ ಎಂಬವಳ ಮನೆಯಲ್ಲಿ ಮಲಗಲು ಜಾಗ ಮಾಡಿದರು.

ಮೇರಕ್ಕನ ಅಡುಗೆಮನೆ

ಮೇರ್ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ನಾನು ಮೇರಕ್ಕ ಎಂದು ಕರೆದೆ. ಅದರ ಅರ್ಥ ಕೇಳಿ ತಿಳಿದುಕೊಂಡ ಮೇಲೆ ಅವಳು ಬೇರೆ ಯಾವ ಹೆಸರಿಗೂ ಓಗೊಡಲಿಲ್ಲ. ಅವಳ ಗಂಡ ಡೈ. ಹುಡುಗನಾಗಿದ್ದಾಗಿನಿಂದ ಗಣಿಗೆ ಇಳಿದವನು, ಈಗ ಎದೆ ಕೆಟ್ಟು ಮನೆಯಲ್ಲಿದ್ದ. ಅವರ ಮಗಳು ಗ್ವೆನ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು.

ಹಾಸನದ ಬಂಗಲೆಯಲ್ಲಿ ನನ್ನ ಲೋಟ ಬೇರೆ ಇತ್ತು, ಹಿಂಬಾಗಿಲ ಬಳಿಯ ಗೂಡಿನಲ್ಲಿ. ಹಡಗಿನಲ್ಲೂ ಬೇರೆ. ಅದರ ಬಗ್ಗೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಮೇರಕ್ಕ ಮೊದಲ ದಿನ ತನ್ನ ಕಪ್ಪಿನ ಜೊತೆಯ ಕಪ್ಪಿನಲ್ಲೇ ನನಗೆ ಟೀ ಸುರಿದು, "ಕುಡಿ, ಆರೋಗ್ತದೆ" ಎಂದಳು.

ನಾನು ಊರಿನಿಂದ ಸ್ವಲ್ಪ ರಾಗಿ ಹಿಟ್ಟು ತಂದಿದ್ದೆ. ಒಂದು ಮಧ್ಯಾಹ್ನ ಮುದ್ದೆ ಮಾಡುತ್ತೇನೆ ಎಂದೆ. ಕೋಲಿಲ್ಲ. ಡೈ ಹಿತ್ತಲಿನಿಂದ ಗುದ್ದಲಿಯ ಹಳೆಯ ಕಾವು ತಂದು ತೊಳೆದು ಕೊಟ್ಟ. ಬೀನ್ಸು, ಆಲೂಗಡ್ಡೆ ಹಾಕಿ ಸಾರು ಮಾಡಿದೆ. ಮೂವರೂ ಮುದ್ದೆಯನ್ನು ಚಾಕುವಿನಿಂದ ಕೊಯ್ದು ಅಗಿಯಲು ಶುರು ಮಾಡಿದರು.

"ಅಗೀಬಾರ್ದು, ನುಂಗ್ಬೇಕು" ಎಂದೆ.

"ಅಗೀದೆ ನುಂಗಕ್ಕೆ ನಾನೇನು ಬಾತುಕೋಳಿನಾ?" ಎಂದ ಡೈ.

"ನುಂಗು ಅಂದ್ರೆ ನುಂಗು, ಆ ಯಮ್ಮ ಅಷ್ಟ್ ದೂರದಿಂದ ಒತ್ಕಂಡ್ ಬಂದವಳೆ" ಎಂದು ಮೇರಕ್ಕ ಗದರಿದಳು.

ಅವನು ತುತ್ತನ್ನು ಸಾರಿನಲ್ಲಿ ಅದ್ದಿ ಕಣ್ಣು ಮುಚ್ಚಿ ನುಂಗಿದ. ಗಂಟಲಿಗೆ ಸಿಕ್ಕಿತು. ಕೆಮ್ಮು ಬಂತು. ಬಂದ ಕೆಮ್ಮು ನಿಲ್ಲಲಿಲ್ಲ. ಮೇಜು ಹಿಡಿದುಕೊಂಡು, ಬಾಗಿ, ಮುಖ ನೀಲಿಯಾಗುವವರೆಗೆ ಕೆಮ್ಮಿ, ಕರವಸ್ತ್ರಕ್ಕೆ ಉಗುಳಿದ. ಕರವಸ್ತ್ರದಲ್ಲಿ ಇದ್ದದ್ದು ಇದ್ದಲಿನಂತೆ ಕಪ್ಪು. ಮೇರಕ್ಕ ಅವನ ಬೆನ್ನು ಸವರಿ, ಅವನು ಕುಡಿದು ಬಿಟ್ಟ ನೀರನ್ನೇ ತಾನು ಒಂದು ಗುಟುಕು ಕುಡಿದು ತಟ್ಟೆ ಎತ್ತಿಟ್ಟಳು. ನಮ್ಮೂರಿನಲ್ಲಾದರೆ ಆ ನೀರನ್ನು ಯಾರೂ ಮುಟ್ಟುತ್ತಿರಲಿಲ್ಲ. ಬೇಬಿ ಅದೇ ಮೇಜಿನ ಮೇಲೆ ಕೈಯಿಟ್ಟುಕೊಂಡು ಆಡುತ್ತಿತ್ತು.

ಮಾರನೆಯ ದಿನ ಊಟದ ಹೊತ್ತಿಗೆ ಮೇರಕ್ಕ ಹಿತ್ತಲಿನಲ್ಲಿ ಬಟ್ಟೆ ಎಳೆಯುತ್ತಿದ್ದಳು. ಮೇಜಿಗೆ ತಟ್ಟೆ ಇಡುವ ಕೆಲಸ ನಾನೇ ಮಾಡಿದೆ. ಡೈನ ತಟ್ಟೆ, ಕಪ್ಪು, ಚಮಚಗಳನ್ನು ಹಿಂದಿನ ಕಿಟಕಿಯ ಅಗಲವಾದ ಕಟ್ಟೆಯ ಮೇಲೆ ಇಟ್ಟು, ಅಲ್ಲಿಗೆ ಒಂದು ಸ್ಟೂಲು ಎಳೆದೆ. ಕದ್ದುಮುಚ್ಚಿ ಮಾಡಿದ್ದಲ್ಲ. ಈ ಜನಕ್ಕೆ ತಿಳಿಯದು, ನಾನು ಒಂದು ಉಪಕಾರ ಮಾಡುತ್ತಿದ್ದೇನೆ ಎಂದೇ ನನ್ನ ಭಾವನೆ. ಊರಿನಲ್ಲಿ ತಮ್ಮನಿಗೆ ಮಾಡಿದ್ದನ್ನೇ ಇಲ್ಲೂ ಮಾಡಿದೆ. ಕೈಗೆ ಅಭ್ಯಾಸವಾಗಿತ್ತು.

ಡೈ ಒಳಗೆ ಬಂದ. ಮೇಜು ನೋಡಿದ, ಕಿಟಕಿ ನೋಡಿದ. ಹೋಗಿ ಸ್ಟೂಲಿನ ಮೇಲೆ ಕೂತ. ಮೇರಕ್ಕ ಬಂದು ಅವನನ್ನು ಕಂಡಳು. ಕಿಟಕಿಯ ಆಚೆ ಹಿತ್ತಲಿನಲ್ಲಿ ಕ್ಯಾಮೆರಾ ದೊರೆ ಮೂರು ಕಾಲಿನ ಕ್ಯಾಮೆರಾ ನಿಲ್ಲಿಸಿಕೊಂಡು ಒಳಗೇ ನೋಡುತ್ತಿದ್ದ. ಅವಳು ತಲೆಗೂದಲು ಸರಿಮಾಡಿಕೊಂಡು, ಏನೂ ಕೇಳದೆ ತನ್ನ ಜಾಗದಲ್ಲಿ ಕೂತಳು.

ಆಮೇಲೂ ದಿನಾ ಅವನ ತಟ್ಟೆ ಕಿಟಕಿಗೇ ಹೋಯಿತು. ಮೊದಲು ಎರಡು ದಿನ ನಾನು ಇಟ್ಟೆ. ಆಮೇಲೆ ಮೇರಕ್ಕನೇ ಇಡತೊಡಗಿದಳು. ನೋಡಿ, ಬುದ್ಧಿ ಕಲಿತರು ಎಂದುಕೊಂಡೆ.

ಪಿಕ್ಚರ್ ತೋರಿಸಿದ ದಿನ

ತೆಗೆದ ಪಿಕ್ಚರನ್ನು ಲಂಡನ್ನಿಗೆ ಕಳಿಸಿ ತೊಳೆಸಿ ತರಿಸಿದರು. ಪಟ್ಟಣಕ್ಕೆ ಒಯ್ಯುವ ಮುಂಚೆ ಊರವರಿಗೆ ಒಮ್ಮೆ ತೋರಿಸುವುದೆಂದು ಮಾತಾಗಿತ್ತು. ಒಂದು ಶನಿವಾರ ಮಧ್ಯಾಹ್ನ ಗಣಿ ಕೂಲಿಯವರ ಹಾಲ್‌ನಲ್ಲಿ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದರು. ಊರಿಗೆ ಊರೇ ಬಂದಿತ್ತು. ನಾನು ಬೇಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದಿನ ಬೆಂಚಿನಲ್ಲಿದ್ದೆ.

ಪರದೆಯ ಮೇಲೆ ತಮ್ಮನ್ನೇ ಕಂಡು ಜನ ಬಹಳ ನಕ್ಕರು. "ಲೇ, ನಿನ್ನ ಮೂಗು ಅಷ್ಟುದ್ದ ಐತೆ ಅಂತ ಇವತ್ತೇ ಗೊತ್ತಾಗಿದ್ದು ಕಣ್ಲಾ" ಎಂದು ಒಬ್ಬ, "ನಿನ್ ಎಂಡ್ರು ಯಾವತ್ತೋ ನೋಡಿ ಸುಮ್ಕವಳೆ" ಎಂದು ಇನ್ನೊಬ್ಬ. ಆಮೇಲೆ ಕಪ್ಪು ಹೊಳೆ ಬಂತು. ನೆತ್ತಿಯ ಮೇಲೆ ಹೋಗುವ ತೊಟ್ಟಿಗಳು ಬಂದವು, ಬೆಟ್ಟ ಜಾರಿ ಅರ್ಧ ಹೂತುಹೋದ ಒಂದು ಹಿತ್ತಲು ಬಂತು. ಬೀದಿಯ ಏರು ಹತ್ತಲಾರದೆ ಕಂಬ ಕಂಬಕ್ಕೂ ನಿಲ್ಲುವ ಗಂಡಸರು ಬಂದರು. ದಿನಾ ಕಾಣುವುದನ್ನೇ ಪರದೆಯ ಮೇಲೆ ಕಂಡು ಜನ ನಗುವುದನ್ನು ಬಿಟ್ಟು ಮುಂದಕ್ಕೆ ಬಾಗಿದರು. ನನಗೆ ಬಾವಿಯಿಂದ ನೀರು ತರುವ ಬೋರ ನೆನಪಾದ.

ಆಗ ಡೈ ಬಂದ. ಕಿಟಕಿಯ ಬಳಿ ಒಬ್ಬನೇ, ತಲೆ ಬಗ್ಗಿಸಿ, ನಿಧಾನವಾಗಿ ಆಲೂಗಡ್ಡೆ ತಿನ್ನುತ್ತಿದ್ದ. ಅವನ ಹಿಂದೆ ಮಸಕಾಗಿ ಮೇಜು, ಮೇಜಿನ ಸುತ್ತ ಹೆಂಡತಿ, ಮಗಳು. ಪಿಕ್ಚರಿಗೆ ಇನ್ನೂ ಮಾತು ಸೇರಿಸಿರಲಿಲ್ಲವಾದ್ದರಿಂದ ಕ್ಯಾಮೆರಾ ದೊರೆ ಪಕ್ಕದಲ್ಲಿ ನಿಂತು ತಾನೇ ಓದುತ್ತಿದ್ದ.

"ಈ ಕಣಿವೆಯಲ್ಲಿ ಧೂಳು ಹೊಕ್ಕ ಮನುಷ್ಯನ ತಟ್ಟೆ ಬೇರೆ. ಅವನ ಉಸಿರಿಗೆ ಅವನ ಮನೆಯವರೇ ಹೆದರುತ್ತಾರೆ. ತನ್ನ ಮನೆಯಲ್ಲೇ ಅವನು ಹೊರಗಿನವನು."

ಮುಂದಿನ ಬೆಂಚಿನ ಹೆಂಗಸೊಬ್ಬಳು ತಿರುಗಿ ಮೇರಕ್ಕನನ್ನು ನೋಡಿದಳು. ಮೇರಕ್ಕ ಎದ್ದು ನಿಂತಳು.

"ಯಾರಪ್ಪ ಅಂಗಂದೋರು? ನನ್ ಗಂಡನ್ನ ನಾನ್ಯಾವತ್ತು ಆಚೀಗೆ ಕೂರ್ಸಿದ್ದೆ?"

ಮಿಷನ್ನು ನಿಲ್ಲಿಸಿದರು. ಕ್ಯಾಮೆರಾ ದೊರೆ, "ಅಮ್ಮಾ, ನಾನು ಕಂಡದ್ದನ್ನು ಮಾತ್ರ ತೆಗೆದಿದ್ದೇನೆ" ಎಂದ.

"ನೀನೇ ಅಲ್ವಾ ಅವನ್ನ ಅಲ್ಲಿ ಕೂರ್ಸಿದ್ದು, ಬೆಳಕು ಬೇಕೂಂತ?"

"ಇಲ್ಲ. ನಾನು ಬಂದಾಗ ಅವರು ಅಲ್ಲೇ ಕೂತಿದ್ದರು."

ಮೇರಕ್ಕ ಗಂಡನ ಕಡೆ ತಿರುಗಿದಳು. "ಮತ್ಯಾಕೆ ಅಲ್ಲಿ ಕೂತ್ಕಂಡೆ?"

ಡೈ ತನ್ನ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತಿದ್ದ. "ನೀನೇ ಮಡಗಿದ್ದಲ್ವಾ ತಟ್ಟೇನ" ಎಂದ.

"ನಾನ್ ಮಡಗಿದ್ದು ನೀನು ಅಲ್ಲಿ ಕೂತ್ಕಂಡ್ ಮ್ಯಾಲೆ. ಇವ್ರು ಏನೂ ಬದ್ಲಾಯ್ಸಬ್ಯಾಡಿ ಅಂದಿದ್ರು. ಆಮ್ಯಾಕೆ ನಿಂಗೆ ಅಲ್ಲೇ ಇಷ್ಟ ಅಂದ್ಕಂಡೆ."

"ನಾನು ನಿಂಗೆ ಅಲ್ಲೇ ಇಷ್ಟ ಅಂದ್ಕಂಡೆ" ಎಂದ ಡೈ.

ಯಾರೂ ನಗಲಿಲ್ಲ. ಅಷ್ಟು ದಿನ ಆ ಮನುಷ್ಯ ತಾನು ಹೆಂಡತಿಗೆ ಬೇಡವಾದೆ ಎಂದು ನಂಬಿ, ಒಂದು ಮಾತೂ ಆಡದೆ ಕಿಟಕಿಯ ಬಳಿ ಉಂಡಿದ್ದ. ಆ ಹಾಲ್‌ನಲ್ಲಿ ನಿಜ ಗೊತ್ತಿದ್ದವಳು ನಾನೊಬ್ಬಳೇ. ಎದ್ದು ನಿಂತು ನಾಲ್ಕು ಮಾತು ಹೇಳುವಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು. ನಾನು ಬೇಬಿಯ ಕಾಲುಚೀಲ ಸರಿಮಾಡುತ್ತ ಕೂತೆ. ಸರಿಯಾಗಿಯೇ ಇದ್ದ ಕಾಲುಚೀಲ.

ಭಾನುವಾರ ಅವರ ದೇವರಮನೆಯಲ್ಲಿ, ಅಂದರೆ ಊರ ಚರ್ಚಿನಲ್ಲಿ, ಎಲ್ಲರೂ ಸೇರಿ ಹಾಡುತ್ತಾರೆ. ಡೈ ಕೂತ ಬೆಂಚಿನಲ್ಲಿ ಯಾವಾಗಲೂ ಒತ್ತೊತ್ತಾಗಿ ಜನ ಇರುತ್ತಿದ್ದರು. ಅಂದು ಅವನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಬಾಗಿಲಲ್ಲಿ ಒಬ್ಬ ತಾಯಿ ತನ್ನ ಮಗಳನ್ನು ಅವನ ಕೈಗೆ ಸಿಗದಂತೆ ಈಚೆಗೆ ಎಳೆದುಕೊಂಡಳು. ಪಿಕ್ಚರು ಹೇಳಿದ ಮೇಲೆ ಆ ಕೆಮ್ಮು ತಾಗುವಂಥದ್ದೇ ಇರಬಹುದೇನೋ ಎಂದು ಅವರಿಗೆ ಅನ್ನಿಸತೊಡಗಿತ್ತು. ಆ ಪಿಕ್ಚರು ಮಂಗಳವಾರ ಲಂಡನ್ನಿಗೆ ಹೋಗುವುದಿತ್ತು. ಅಲ್ಲಿಂದ ಎಷ್ಟು ಊರುಗಳಿಗೋ.

ಸೋಮವಾರ

ಸೋಮವಾರ ಆ ಸಾಲಿನ ಎಲ್ಲ ಮನೆಗಳಲ್ಲೂ ಬಟ್ಟೆ ಒಗೆಯುವ ದಿನ. ಒದ್ದೆ ಬಟ್ಟೆ ಹಿಂಡಲು ಎರಡು ಮರದ ಉರುಳೆಗಳ ಮಿಷನ್ನಿದೆ, ನಮ್ಮ ಕಬ್ಬಿನ ಗಾಣದ ತಂಗಿಯಂತಿರುತ್ತದೆ. ಮೇರಕ್ಕ ಹಿಡಿ ತಿರುಗಿಸುತ್ತಿದ್ದಳು, ನಾನು ಈ ಕಡೆ ದುಪ್ಪಟಿ ಹಿಡಿದು ಕೊಡುತ್ತಿದ್ದೆ. ಶನಿವಾರದಿಂದ ಆ ಮನೆಯಲ್ಲಿ ಗಂಡ ಹೆಂಡತಿ ಮಾತಾಡಿರಲಿಲ್ಲ. ಡೈ ಮೇಜಿಗೂ ಬಂದಿರಲಿಲ್ಲ, ಕಿಟಕಿಗೂ ಹೋಗಿರಲಿಲ್ಲ. ನಿಂತೇ ಟೀ ಕುಡಿದು ಹಿತ್ತಲಿಗೆ ಹೋಗುತ್ತಿದ್ದ.

"ಮೇರಕ್ಕ, ಆ ತಟ್ಟೆ ಇಟ್ಟಿದ್ದು ನಾನು" ಎಂದೆ.

ಹಿಡಿ ನಿಂತಿತು. ದುಪ್ಪಟಿಯ ಅರ್ಧ ಅವಳ ಕಡೆ, ಅರ್ಧ ನನ್ನ ಕಡೆ. ಅವಳು ಬೈಯುತ್ತಾಳೆ, ಮಗುವನ್ನು ಎತ್ತಿಕೊಂಡು ಹೊರಡು ಎನ್ನುತ್ತಾಳೆ ಎಂದು ಕಾದೆ. ಅವಳು ಹಿಡಿ ಬಿಟ್ಟು ನನ್ನ ಕಡೆಗೆ ಬಂದಳು.

"ನಿಮ್ಮೂರಾಗೆ ಕಿಟಕಿತಾವ ಯಾರವ್ರೆ?" ಎಂದಳು.

ನಾನು ದುಪ್ಪಟಿ ಬಿಟ್ಟು ನೆಲದ ಮೇಲೆ ಕೂತೆ. ಬೋರನ ವಿಷಯ ಹೇಳಿದೆ. ಕಲ್ನಾರು, ಷೆಡ್ಡು, ಕೆಮ್ಮು, ಜಗಲಿ, ಬೇಲಿಯ ಆಚೆ ನಿಂತದ್ದು, ಎಲ್ಲ. ಇಂಗ್ಲಿಷ್ ಸಿಗದ ಕಡೆ ಕನ್ನಡದಲ್ಲೇ ಹೇಳಿದೆ. ಅವಳು ತಡೆಯಲಿಲ್ಲ. ಮುಗಿದ ಮೇಲೆ ಸೆರಗಿನಂತಿದ್ದ ತನ್ನ ಅಡುಗೆ ಬಟ್ಟೆಯಲ್ಲಿ ಕೈ ಒರೆಸಿಕೊಂಡು, "ಬಾ, ಅವುನ್ಗೂ ನೀನೇ ಯೋಳು. ನಾನು ಯೋಳಾಕಿಲ್ಲ" ಎಂದು ಹಿತ್ತಲಿಗೆ ಕರೆದೊಯ್ದಳು.

ಡೈ ಈರುಳ್ಳಿ ಪಾತಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ನಾನು ಹೇಳಿದ್ದನ್ನು ಕೇಳಿ ಕೈಯ ಮಣ್ಣು ಕೊಡವಿಕೊಂಡ. ಆಮೇಲೆ ಹೆಂಡತಿಯ ಕಡೆ ನೋಡಿ ನಗತೊಡಗಿದ.

"ನಿಂಗೆ ಬ್ಯಾಡಾದೆ ಅಂತ ನಾನಿಲ್ಲಿ ಕೊರಗ್ತಾ ಇವ್ನಿ. ಈ ಯಮ್ಮ ನೋಡಿದ್ರೆ ಆ ಉಂಡೆ ನುಂಗಕ್ಕೆ ಬರ್ನಿಲ್ಲ ಅಂತ ಸಿಕ್ಸೆ ಕೊಟ್ಟವಳೆ."

"ನಗಬ್ಯಾಡ, ಕೆಮ್ಮು ಬತ್ತದೆ" ಎಂದಳು ಮೇರಕ್ಕ. ಬಂತು. ಅವಳು ಪಾತಿ ತುಳಿದುಕೊಂಡು ಹೋಗಿ ಅವನ ಬೆನ್ನು ಹಿಡಿದು ನಿಂತಳು.

ಡಾಕ್ಟರ ಮನೆಗೆ ಮೂವರೂ ಹೋದೆವು. ಡಾಕ್ಟರು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ತಮ್ಮನ ಕೆಲಸವೇನು, ಎಷ್ಟು ಕಾಲ, ಜ್ವರ ಬರುತ್ತಿತ್ತೇ, ರಕ್ತ ಬೀಳುತ್ತಿತ್ತೇ ಎಂದು ಒಂದೊಂದಾಗಿ ಕೇಳಿದರು. ಕಲ್ಲಿನ ಧೂಳು ಹೊಕ್ಕವನೊಳಗೇ ಉಳಿಯುತ್ತದೆ, ಇನ್ನೊಬ್ಬರಿಗೆ ದಾಟುವುದಿಲ್ಲ ಎಂದರು. ಆದರೆ ನೋಡದೆ ನಾನು ಹೇಳಲಾರೆ, ಅಂಥ ಎದೆಗೆ ಕ್ಷಯವೂ ಸೇರಿಕೊಳ್ಳುವುದುಂಟು, ಹೋದ ಕೂಡಲೇ ದೊಡ್ಡ ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆಸು ಎಂದರು. "ನೀನು ನೋಡಿಸದೆಯೇ ತೀರ್ಪು ಕೊಟ್ಟೆ" ಎಂದರು. ಗಟ್ಟಿಯಾಗಿ ಹೇಳಲಿಲ್ಲ.

ಕ್ಯಾಮೆರಾ ದೊರೆ ಪೆಟ್ಟಿಗೆ ಕಟ್ಟುತ್ತಿದ್ದ. ಅಮ್ಮಾವ್ರೇ ಅವನಿಗೆ ವಿಷಯ ತಿಳಿಸಿದರು. ಆ ಹುಡುಗನ ಮುಖ ಸಣ್ಣದಾಯಿತು. ಇಡೀ ಪಿಕ್ಚರಿನಲ್ಲಿ ಅದೇ ಅತ್ಯುತ್ತಮ ದೃಶ್ಯವಾಗಿತ್ತು ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ, "ನಾನು ಒಂದು ಮಾತು ಕೇಳಬೇಕಿತ್ತು" ಎಂದ. ಇನ್ನೊಮ್ಮೆ ಬಂದು ಮೇಜಿನ ಬಳಿ ಎಲ್ಲರೂ ಕೂತಿರುವಂತೆ ತೆಗೆಯಲೇ ಎಂದದ್ದಕ್ಕೆ ಮೇರಕ್ಕ ಒಪ್ಪಲಿಲ್ಲ.

"ಒಳೆ ತೋರ್ಸು, ಬೆಟ್ಟ ತೋರ್ಸು, ಇವ್ನ ಎದೆ ತೋರ್ಸು. ನನ್ನ ಅಡುಗೆಮನೆ ಬುಡು."

ಅವನು ನಮ್ಮ ಎದುರಿಗೇ ಸುರುಳಿ ಬಿಚ್ಚಿ, ಆ ಭಾಗವನ್ನು ಕತ್ತರಿಸಿ ತೆಗೆದು, ಎರಡು ತುದಿಗಳನ್ನು ಅಂಟಿಸಿದ. ಕತ್ತರಿಸಿದ ತುಂಡನ್ನು ಡೈಗೆ ಕೊಟ್ಟ. ಡೈ ಅದನ್ನು ಬೆಳಕಿಗೆ ಹಿಡಿದು, ಉಗುರಿನಷ್ಟು ದೊಡ್ಡ ತನ್ನನ್ನು ಸಾಲಾಗಿ ನೋಡಿ, "ಏನ್ ಅಂದವಾಗಿ ಬಂದಿವ್ನಿ ನೋಡೆ" ಎಂದು ಹೆಂಡತಿಗೆ ತೋರಿಸಿದ.

ಮಧ್ಯಾಹ್ನ ಮೇರಕ್ಕ ನನ್ನ ತೋಳು ಹಿಡಿದು ಬೀದಿಯುದ್ದಕ್ಕೂ ನಡೆಸಿಕೊಂಡು ಹೋದಳು. ಸಿಕ್ಕಸಿಕ್ಕವರನ್ನು ನಿಲ್ಲಿಸಿ ಹೇಳಿದಳು, "ಇವ್ಳು ಎದ್ರುಕಂಡು ಮಡಗಿದ್ದು ಕಣ್ರೀ. ಇವ್ಳ ತಮ್ಮುಂಗೂ ಇಂಗೇ ಆಗದೆ." ನಾಚಿಕೆಯಿಂದ ನನ್ನ ಕಾಲು ಮುಂದಕ್ಕೆ ಬರುತ್ತಿರಲಿಲ್ಲ. ಆದರೆ ಪ್ರತಿ ಬಾಗಿಲಲ್ಲೂ ಹೆಂಗಸರು ತಮ್ಮನ ಹೆಸರು ಕೇಳಿದರು. ಬೋರ, ಬೋರ ಎಂದು ತಮ್ಮ ಬಾಯಿಗೆ ಬಂದ ಹಾಗೆ ಹೇಳಿ ನೋಡಿದರು. ಬುಧವಾರದ ಪ್ರಾರ್ಥನೆಯಲ್ಲಿ ಆ ಹೆಸರನ್ನೂ ಸೇರಿಸಿದರೆಂದು ಆಮೇಲೆ ಗ್ವೆನ್ ಹೇಳಿದಳು.

ಊರು

ಹಿಂದಿರುಗುವ ಹಡಗಿನಲ್ಲಿ ನನಗೆ ವಾಂತಿಯಾಗಲಿಲ್ಲ. ಸಮು​ದ್ರ ನೋಡಿದ್ದೂ ನೆನಪಿಲ್ಲ. ಊರಿಗೆ ಕಾಗದ ಬರೆದಿದ್ದೆ. ಹಾಸನದಲ್ಲಿ ಇಳಿದಾಗ ಅದಿನ್ನೂ ದಾರಿಯಲ್ಲೇ ಇದೆಯೆಂದು ತಿಳಿಯಿತು. ಹೊಳೆನರಸೀಪುರದವರೆಗೆ ಬಸ್ಸು, ಅಲ್ಲಿಂದ ಎತ್ತಿನ ಗಾಡಿ. ದಾರಿಯಲ್ಲಿ ಸಿಕ್ಕ ನಮ್ಮೂರವರನ್ನು ಬೋರ ಹೇಗಿದ್ದಾನೆ ಎಂದು ಕೇಳಲು ಬಾಯಿ ಬರಲಿಲ್ಲ. ಗಾಡಿ ಊರ ಮುಂದಕ್ಕೆ ಬಂದಾಗ ಜಗಲಿಯಿಂದ ಕೆಮ್ಮು ಕೇಳಿಸಿತು. ಜೀವನದಲ್ಲಿ ಅಷ್ಟು ಸಂತೋಷ ಕೊಟ್ಟ ಸದ್ದನ್ನು ನಾನು ಕೇಳಿಲ್ಲ.

ಅವನನ್ನು ಮೈಸೂರಿಗೆ ಕರೆದುಕೊಂಡು ಹೋದೆ. ಎದೆಯ ಫೋಟೋ ತೆಗೆದರು, ಕಫ ಪರೀಕ್ಷೆ ಮಾಡಿದರು. ಕಲ್ಲಿನ ಧೂಳು ಎಂದರು. ಕ್ಷಯ ಇಲ್ಲ ಎಂದರು. ಧೂಳು ಹೋಗುವುದಿಲ್ಲ, ಇರುವಷ್ಟು ದಿನ ಚೆನ್ನಾಗಿ ನೋಡಿಕೊಳ್ಳಿ, ಇನ್ನು ಷೆಡ್ಡಿಗೆ ಕಳಿಸಬೇಡಿ ಎಂದರು. ಬರುವಾಗ ಬಸ್ಸಿನಲ್ಲಿ ಬೋರ ಕಿಟಕಿಯ ಹೊರಗೆ ಬಾಯಿ ಮಾಡಿಕೊಂಡೇ ಕೂತಿದ್ದ, ಪಕ್ಕದವರಿಗೆ ತಾಗಬಾರದೆಂದು.

ಮನೆಗೆ ಬಂದ ದಿನ ಅವನ ತಟ್ಟೆಯನ್ನು ಒಳಗೆ ತಂದು ಮಕ್ಕಳ ತಟ್ಟೆಗಳ ನಡುವೆ ಇಟ್ಟೆ. ದೇವೀರಿ ಮಣೆ ಹಾಕಿದಳು. ಅವನು ಹೊಸ್ತಿಲಿನವರೆಗೆ ಬಂದು ನಿಂತ.

"ಬ್ಯಾಡಕ್ಕ. ಮಕ್ಕಳವೆ."

"ಡಾಕ್ಟ್ರು ಏಳಿದ್ದು ನೀನೇ ಕೇಳ್ಲಿಲ್ವೇನೋ?"

"ಕೇಳ್ದೆ. ಅವ್ರು ಇವತ್ತು ಬಂದೋರು. ನೀನು ಏಳಿದ್ದು ಸುಳ್ಳಾಯ್ತದಾ?"

"ಸುಳ್ಳಾಯ್ತು ಕಣೋ. ನಾನು ತಿಳೀದೆ ಮಾಡ್ದೆ."

"ನಮ್ಮಕ್ಕ ತಿಳೀದೆ ಏನೂ ಮಾಡಾಕಿಲ್ಲ" ಎಂದು ನಕ್ಕು, ತಟ್ಟೆ ಎತ್ತಿಕೊಂಡು ಹೊರಟುಹೋದ.

ಒಂದು ಕಣಿವೆಯ ಜನರೆಲ್ಲ ಒಂದು ಮಧ್ಯಾಹ್ನದಲ್ಲಿ ನಂಬಿದ ಮಾತನ್ನು ನನ್ನ ತಮ್ಮ ನಂಬಲಿಲ್ಲ. ಅವನು ನಂಬಿದ್ದು ನನ್ನನ್ನು. ನಾನು ಅಡುಗೆಮನೆಗೆ ಹೋಗಿ ನನ್ನ ತಟ್ಟೆಗೂ ಮುದ್ದೆ ಹಾಕಿಕೊಂಡು ಹೊರಗೆ ಬಂದೆ. ಜಗಲಿಯ ಮೇಲೆ ಅವನ ಪಕ್ಕದಲ್ಲಿ ಕೂತೆ. ಅವನು ತನ್ನ ತಟ್ಟೆ ಎಳೆದುಕೊಂಡು ಒಂದು ಮೊಳ ಆಚೆ ಸರಿದ. ನಾನೂ ಒಂದು ಮೊಳ ಸರಿದೆ. ಅವನು ಮತ್ತೆ ಸರಿದ. "ಏನಕ್ಕ ಇದು, ಸಣ್ಣುಡುಗ್ರ ಆಟ" ಎಂದ. ನಾನು ತಟ್ಟೆ ಎತ್ತಿಕೊಂಡು ಸರಿದೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ದೇವೀರಿ ಬಾಗಿಲಿಗೆ ಬಂದಳು.

ಕೊನೆಗೆ ಅವನ ಭುಜ ಗೋಡೆಗೆ ತಾಗಿತು. ಅಲ್ಲಿಂದ ಆಚೆಗೆ ಜಗಲಿ ಇರಲಿಲ್ಲ.